ನಿಲ್ಲುವವರು ಯಾರು, ಓಡುವವರು ಯಾರು? ವಿಜಯಪುರದ ಬೀದಿಯಲ್ಲಿ ಚಲನೆಯ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸ್ಟೇಷನ್ ರೋಡಿನಲ್ಲಿ ನಿಂತರೆ ಸಾಕು, ಯಾರಾದರೂ ಬಂದು ಮಾತಾಡಿಸುತ್ತಾರೆ. ಮೊದಲ ಪ್ರಶ್ನೆ "ಯಾವ ಪೇಪರ್‌ನವ್ರ್ರೀ?" ಅಂತ. ಯಾವ ಪೇಪರೂ ಅಲ್ಲ ಅಂದ ಮೇಲೆ ಉಳಿದ ಪ್ರಶ್ನೆಗಳು ಶುರು. ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು, ಮೊಬೈಲಿನಲ್ಲೇ ಚೆಂದ ಚೆಂದ ಫೋಟೋ ತೆಗೆಯುವವರು, ಮದುವೆ ಫೋಟೋ ತೆಗೆದು ಬೇಜಾರಾಗಿ ಬೀದಿಗೆ ಬಂದವರು, ಎಲ್ಲರೂ ಸುಮಾರು ಇವನ್ನೇ ಕೇಳುತ್ತಾರೆ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಫೋಟೋ ನೋಡಿ ಮನೆಯವರು "ಶೇಕ್ ಆಗಿದೆ" ಅಂತ ನಗುತ್ತಾರೆ. ಕೈ ಅಲುಗಿದ ಫೋಟೋಗೂ ಚಲನೆಯ ಫೋಟೋಗೂ ಏನು ವ್ಯತ್ಯಾಸ?

ಒಂದೇ ವ್ಯತ್ಯಾಸ. ಕೈ ಅಲುಗಿದರೆ ಫೋಟೋದಲ್ಲಿ ಎಲ್ಲವೂ ಅಲುಗಿರುತ್ತದೆ. ಚಲನೆಯ ಫೋಟೋದಲ್ಲಿ ಏನೋ ಒಂದು ಗಟ್ಟಿಯಾಗಿ ನಿಂತಿರುತ್ತದೆ, ಉಳಿದದ್ದು ಓಡುತ್ತಿರುತ್ತದೆ.

ಗೋಲಗುಮ್ಮಟದ ಮುಂದೆ ಟಾಂಗಾ ಹೋಗುತ್ತಿದೆ ಅಂದುಕೊಳ್ಳಿ. ಕ್ಯಾಮೆರಾ ಅಲುಗಿಸದೆ ಹಿಡಿದು 1/15 ಸೆಕೆಂಡಿನಲ್ಲಿ ತೆಗೆದರೆ ಗುಮ್ಮಟ ನಿಲ್ಲುತ್ತದೆ, ಟಾಂಗಾ ಗೀಚಿದ ಹಾಗೆ ಹರಿದುಹೋಗುತ್ತದೆ. ಅದೇ 1/15ರಲ್ಲಿ ಕ್ಯಾಮೆರಾವನ್ನು ಟಾಂಗಾದ ಜೊತೆಗೇ ತಿರುಗಿಸಿದರೆ ಟಾಂಗಾ ನಿಲ್ಲುತ್ತದೆ, ಗುಮ್ಮಟ ಓಡುತ್ತದೆ! ಮುಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ರಲ್ಲಿ. ಅವತ್ತಿನಿಂದ ಅವನ ಗೋರಿಯ ಮೇಲೆ ಅಲುಗದೆ ಕೂತಿರುವ 44 ಮೀಟರ್ ಅಗಲದ ಗುಮ್ಮಟವನ್ನು ನಿಮ್ಮ ಸೊಂಟ ತಿರುಗಿಸಿ ಓಡಿಸಬಹುದು. ನನಗೆ ಈ ಹುಚ್ಚು ಹಿಡಿದದ್ದೇ ಹೀಗೆ.

ಹಾಗಾಗಿ ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಇದರಲ್ಲಿ ನಿಲ್ಲುವವರು ಯಾರು, ಓಡುವವರು ಯಾರು? ಸೆಟ್ಟಿಂಗ್ ಎಲ್ಲ ಆಮೇಲೆ.

ಶಟರ್ ಸ್ಪೀಡ್ ಎಷ್ಟು ಇಡಬೇಕು? ಒಂದು ನಂಬರ್ ಹೇಳಿಬಿಡಿ.

ಶಟರ್ ಸ್ಪೀಡ್ ಅಂದರೆ ಒಂದು ಫೋಟೋಗೆ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೆ ಅನ್ನುವುದು. ಒಂದೇ ನಂಬರ್ ಇಲ್ಲ, ಆದರೆ ಲೆಕ್ಕ ಸುಲಭ. ಟಾಂಗಾ ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೊರಟಿದ್ದರೆ ಸೆಕೆಂಡಿಗೆ ಹತ್ತಿರ ಹತ್ತಿರ 2.8 ಮೀಟರ್ ಆಯಿತು. 1/1000 ಸೆಕೆಂಡಿನಲ್ಲಿ ಅದು ಸರಿಯುವುದು 3 ಮಿಲಿಮೀಟರ್ ಕೂಡ ಇಲ್ಲ. 1/30ರಲ್ಲಿ 9 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ. 1/8ರಲ್ಲಿ ಒಂದೂವರೆ ಗೇಣು. ಬೈಕ್ 40ರಲ್ಲಿ ಬರುತ್ತಿದ್ದರೆ ಅದೇ 1/30ರಲ್ಲಿ 37 ಸೆಂಟಿಮೀಟರ್ ಸರಿದಿರುತ್ತದೆ. ನಡೆದುಹೋಗುವ ಮನುಷ್ಯ 1/15ರಲ್ಲಿ 9 ಸೆಂಟಿಮೀಟರ್.

ಬೀದಿಯಲ್ಲಿ ನಾನು ಶುರು ಮಾಡುವ ಜಾಗ ಇದು. ನಡೆಯುವವರಿಗೆ 1/8, ಟಾಂಗಾ ಮತ್ತು ಸೈಕಲ್‌ಗೆ 1/30, ಬೈಕ್ ಮತ್ತು ಆಟೋಗೆ 1/60. ಒಂದು ಫೋಟೋ ತೆಗೆದು ಸ್ಕ್ರೀನ್ ನೋಡಿ. ಜಾಸ್ತಿ ಕಲಸಿದರೆ ಸ್ಪೀಡ್ ಏರಿಸಿ, ಸಪ್ಪೆ ಅನಿಸಿದರೆ ಇಳಿಸಿ.

ಇನ್ನೊಂದು ಮಾತು. ವೇಗ ಒಂದೇ ಇದ್ದರೂ ದಿಕ್ಕು ಬದಲಾದರೆ ಲೆಕ್ಕ ಬದಲಾಗುತ್ತದೆ. ನಿಮ್ಮ ಎದುರಿಗೆ ಎಡದಿಂದ ಬಲಕ್ಕೆ ಹೋಗುವ ಆಟೋ ಜಾಸ್ತಿ ಹರಡುತ್ತದೆ. ನಿಮ್ಮ ಕಡೆಗೇ ನೇರ ಬರುವ ಆಟೋ ಅಷ್ಟೇ ವೇಗದಲ್ಲಿದ್ದರೂ ಕಡಿಮೆ ಹರಡುತ್ತದೆ. ಹತ್ತಿರ ಇದ್ದದ್ದು ಜಾಸ್ತಿ, ದೂರದ್ದು ಕಡಿಮೆ. ಬಸ್ಸಿನ ಕಿಟಕಿಯಿಂದ ನೋಡುವಾಗ ರಸ್ತೆ ಪಕ್ಕದ ಬೇವಿನ ಗಿಡ ಸರ್ರನೆ ಹೋಗುತ್ತದೆ, ದೂರದ ಜೋಳದ ಹೊಲ ನಿಧಾನಕ್ಕೆ ಸರಿಯುತ್ತದೆ, ಅಲ್ವಾ? ಇಲ್ಲೂ ಅದೇ.

ಪ್ಯಾನಿಂಗ್ ಅಂದರೆ ನಿಜವಾಗಿ ಹೇಗೆ ಮಾಡುವುದು? ವಿಡಿಯೋ ನೋಡಿದೆ, ಬರಲಿಲ್ಲ.

ಪ್ಯಾನಿಂಗ್ ಅಂದರೆ ಓಡುವುದರ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಫೋಟೋ ತೆಗೆಯುವುದು. ವಿಡಿಯೋದಲ್ಲಿ ಕೈ ತೋರಿಸುತ್ತಾರೆ. ಕೆಲಸ ಇರುವುದು ಕಾಲಿನಲ್ಲಿ.

ಮೊದಲು ಟಾಂಗಾ ಎಲ್ಲಿಗೆ ಬಂದಾಗ ಬಟನ್ ಒತ್ತಬೇಕು ಅಂತ ಜಾಗ ಗೊತ್ತು ಮಾಡಿಕೊಳ್ಳಿ. ಹಿಂದೆ ಬಣ್ಣ ಬಣ್ಣದ ಅಂಗಡಿ ಇದ್ದರೆ ಒಳ್ಳೆಯದು, ಅದು ಗೆರೆ ಗೆರೆಯಾಗಿ ಹರಿಯುತ್ತದೆ. ಬರೀ ಬಿಳಿ ಗೋಡೆ ಇದ್ದರೆ ಹರಿದರೂ ಗೊತ್ತಾಗುವುದಿಲ್ಲ. ಎರಡೂ ಪಾದಗಳನ್ನು ಆ ಜಾಗದ ಕಡೆಗೇ ಮುಖ ಮಾಡಿ ಊರಿ. ಈಗ ಪಾದ ಕದಲಿಸದೆ ಸೊಂಟದಿಂದ ಮೇಲೆ ಮಾತ್ರ ಟಾಂಗಾ ಬರುವ ಕಡೆಗೆ ತಿರುಗಿ. ಮೊಳಕೈ ಎದೆಗೆ ಅಂಟಿರಲಿ. ಟಾಂಗಾ ಚೌಕಟ್ಟಿನೊಳಗೆ ಬಂದ ಕೂಡಲೇ ಅದರ ಜೊತೆ ತಿರುಗಲು ಶುರು ಮಾಡಿ. ಅಂದುಕೊಂಡ ಜಾಗಕ್ಕೆ ಬರುವಷ್ಟರಲ್ಲಿ ಸೊಂಟ ತಾನಾಗಿ ನೇರಕ್ಕೆ ಬಂದಿರುತ್ತದೆ, ಆಗಲೇ ಅದು ಹಗುರವಾಗಿ ತಿರುಗುವುದು. ಒತ್ತಿ. ಒತ್ತಿದ ಮೇಲೂ ನಿಲ್ಲಿಸಬೇಡಿ, ಟಾಂಗಾ ದಾಟಿ ಹೋಗುವ ತನಕ ತಿರುಗುತ್ತಲೇ ಇರಿ. ಹತ್ತರಲ್ಲಿ ಎಂಟು ಜನ ತಪ್ಪುವುದು ಇಲ್ಲೇ. ಕ್ಲಿಕ್ ಅಂದ ಕೂಡಲೇ ಕೈ ನಿಂತುಬಿಡುತ್ತದೆ.

ಟಾಂಗಾದ ತೊಂದರೆ ಬೇರೆ. ಅದು ಬರೀ ಮುಂದಕ್ಕೆ ಹೋಗುವುದಿಲ್ಲ, ಕುಲುಕುತ್ತಾ ಹೋಗುತ್ತದೆ. ಕುದುರೆಯ ತಲೆ ಮೇಲೆ ಕೆಳಗೆ ಆಡುತ್ತದೆ. ಕೂತವರು ಪ್ರತಿ ಗುಂಡಿಗೂ ಎಗರುತ್ತಾರೆ, ನಮ್ಮ ರಸ್ತೆಯಲ್ಲಿ ಗುಂಡಿಗೆ ಬರವಿಲ್ಲ. ಹಾಗಾಗಿ 1/15ರಲ್ಲಿ ಎಷ್ಟೇ ಚೆನ್ನಾಗಿ ತಿರುಗಿದರೂ ಮುಖ ಮೇಲೆ ಕೆಳಗೆ ಕಲಸುತ್ತದೆ. ನಾನು ಮೇಲೆ ಹೇಳಿದ 1/30 ಈಗಲೇ ಬೇಡ, ಶುರುವಿಗೆ 1/60 ಇಡಿ. ಕೈ ಕುದುರಿದ ಮೇಲೆ 1/30. ಕಣ್ಣು ಇಡಬೇಕಾದದ್ದು ಚಕ್ರದ ಮೇಲಲ್ಲ, ಟಾಂಗಾ ಓಡಿಸುವವರ ಮುಖದ ಮೇಲೆ ಅಥವಾ ಕುದುರೆಯ ಕಣ್ಣಿನ ಮೇಲೆ. ಅದೊಂದು ಗಟ್ಟಿ ಬಂದರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ.

ಲೆನ್ಸಿನಲ್ಲಿ ಕೈ ನಡುಕ ಸರಿಮಾಡುವ ಸ್ಟೆಬಿಲೈಸೇಷನ್ ಇದ್ದರೆ ಅದಕ್ಕೆ ಪ್ಯಾನಿಂಗ್ ಮೋಡ್ ಇದೆಯಾ ನೋಡಿ. ಇದ್ದರೆ ಹಾಕಿ, ಇಲ್ಲದಿದ್ದರೆ ಸ್ಟೆಬಿಲೈಸೇಷನ್ ಆಫ್ ಮಾಡಿ. ನೀವು ಬೇಕಂತಲೇ ತಿರುಗಿಸುವುದನ್ನು ಕೆಲವು ಲೆನ್ಸ್‌ಗಳು ಕೈ ನಡುಕ ಅಂದುಕೊಂಡು ತಡೆಯಲು ನೋಡುತ್ತವೆ.

ನೂರು ತೆಗೆದರೆ ಎಷ್ಟು ಸರಿ ಬರಬೇಕು?

ನನಗೆ ಐದಾರು. ಅದರಲ್ಲಿ ಮನೆಯವರಿಗೆ ತೋರಿಸುವಂಥದ್ದು ಒಂದೋ ಎರಡೋ. ಮೊದಲ ತಿಂಗಳು ಒಂದೂ ಬರದಿದ್ದರೆ ಗಾಬರಿ ಬೇಡ. ನಾನು ಮೊದಲ ಜಾತ್ರೆಯಲ್ಲಿ ಒಂದಿಡೀ ಮೆಮೊರಿ ಕಾರ್ಡ್ ತುಂಬಿಸಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಹಿಂದಿನ ದಿನ ಮಧ್ಯಾಹ್ನ ಇಟ್ಟಿದ್ದ 1/2000 ಹಾಗೇ ಉಳಿದಿತ್ತು. ಅಷ್ಟು ಜನ ಕುಣಿಯುತ್ತಿದ್ದ ಮೆರವಣಿಗೆ, ಫೋಟೋದಲ್ಲಿ ಎಲ್ಲರೂ ಬಸ್ಸಿಗೆ ಕಾಯುತ್ತಿರುವ ಹಾಗೆ ನಿಂತಿದ್ದಾರೆ!

ಕ್ಯಾಮೆರಾ ಯಾವ ಮೋಡ್‌ನಲ್ಲಿ ಇರಬೇಕು?

ಶಟರ್ ಪ್ರಯಾರಿಟಿ. ನಿಕಾನ್, ಸೋನಿಯಲ್ಲಿ ಎಸ್ ಅಂತಿರುತ್ತದೆ, ಕೆನಾನ್‌ನಲ್ಲಿ ಟಿವಿ. ನೀವು ಶಟರ್ ಹೇಳಿ, ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಬೆಳಿಗ್ಗೆ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ನಂಬರ್) 100ಕ್ಕೆ ಕಟ್ಟಿಹಾಕಿ, ಆಟೋ ಬಿಡಬೇಡಿ. ಪೂರ್ತಿ ಮ್ಯಾನ್ಯುಯಲ್‌ನಲ್ಲೇ ತೆಗೆಯಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ಇರಲಿ ಬಿಡಿ.

ಫೋಕಸ್ ಸಿಗುವುದೇ ಇಲ್ಲ. ಬೈಕ್ ದಾಟಿದ ಮೇಲೆ ಹಿಂದಿನ ಬೋರ್ಡ್ ಮೇಲೆ ಕೂರುತ್ತದೆ.

ಎರಡು ದಾರಿ ಇವೆ. ಒಂದು, ಕಂಟಿನ್ಯೂಯಸ್ ಫೋಕಸ್, ಅಂದರೆ ಓಡುವುದನ್ನು ಕ್ಯಾಮೆರಾವೇ ಹಿಂಬಾಲಿಸುತ್ತಾ ಫೋಕಸ್ ಮಾಡುವುದು: ಕೆಲವು ಕಂಪನಿಯವರು ಎಎಫ್-ಸಿ ಅನ್ನುತ್ತಾರೆ, ಕೆನಾನ್‌ನವರು ಸರ್ವೋ ಅನ್ನುತ್ತಾರೆ. ಇನ್ನೊಂದು ಹಳೆಯ ಕಾಲದ್ದು, ನನಗೆ ಇಷ್ಟವಾದದ್ದು. ಟಾಂಗಾ ಎಲ್ಲಿ ದಾಟುತ್ತದೆ ಅಂತ ಗೊತ್ತಿದೆಯಲ್ಲ, ಆ ಜಾಗದ ಡಾಂಬರಿನ ಮೇಲೆ ಮೊದಲೇ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಹಾಕಿ ಬಿಡಿ. ಹಗಲಲ್ಲಿ ಎಫ್/8, ಎಫ್/11 ಅಂತ ಲೆನ್ಸಿನ ತೂತು ಕಿರಿದಾಗಿರುವುದರಿಂದ ಒಂದಡಿ ಹಿಂದೆ ಮುಂದೆ ಆದರೂ ನಡೆಯುತ್ತದೆ. ಕ್ಯಾಮೆರಾ ಯೋಚಿಸುವ ಕೆಲಸ ತಪ್ಪಿತು, ನಿಮಗೆ ಮುಖ ನೋಡಲು ಪುರುಸೊತ್ತು ಸಿಕ್ಕಿತು.

ನಮ್ಮೂರ ಬಿಸಿಲಿಗೆ 1/15 ಇಟ್ಟರೆ ಫೋಟೋ ಬೆಳ್ಳಗಾಗುತ್ತದೆ. ಏನು ಮಾಡಲಿ?

ನಿಜ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಕ್ಯಾಮೆರಾ ಅಷ್ಟೇ ಅಲ್ಲ, ಮನುಷ್ಯರೂ ಬೆಳ್ಳಗಾಗುತ್ತಾರೆ. ಹಳೆಯ ಫಿಲ್ಮ್ ಕಾಲದ ಲೆಕ್ಕ ಒಂದಿದೆ: ಬಟಾಬಯಲು ಬಿಸಿಲಿಗೆ ಐಎಸ್‌ಒ 100, ಎಫ್/16, ಶಟರ್ 1/125ರ ಆಸುಪಾಸು. ಶಟರ್ ಒಂದು ಹೆಜ್ಜೆ ಇಳಿಸಿದರೆ ಒಳಗೆ ಬರುವ ಬೆಳಕು ಎರಡು ಪಟ್ಟು. ಇದಕ್ಕಿಂತ ಮೂರು ಹೆಜ್ಜೆ ಇಳಿಸಿದರೆ 1/15, ಬೆಳಕು ಎಂಟು ಪಟ್ಟು. ಅಂದರೆ ಬೆಳಕನ್ನು ಎಂಟನೇ ಒಂದು ಭಾಗಕ್ಕೆ ತಗ್ಗಿಸಬೇಕು. ಅದಕ್ಕೇ ಎನ್‌ಡಿ8 ಅಂತ ಫಿಲ್ಟರ್ ಬರುತ್ತದೆ. ಲೆನ್ಸಿಗೆ ಹಾಕುವ ಕೂಲಿಂಗ್ ಗ್ಲಾಸ್ ಅಂದುಕೊಳ್ಳಿ. ಎನ್‌ಡಿ64 ಹಾಕಿದರೆ ಆರು ಹೆಜ್ಜೆ ಇಳಿಯುತ್ತದೆ, ಎಫ್/8ರಲ್ಲೇ 1/8 ಸಿಗುತ್ತದೆ.

ತಿರುಗಿಸಿ ಕಪ್ಪು ಕಡಿಮೆ ಜಾಸ್ತಿ ಮಾಡುವ ವೇರಿಯಬಲ್ ಫಿಲ್ಟರ್ ಅಗ್ಗಕ್ಕೆ ಸಿಗುತ್ತದೆ ಅಂತ ನಾನೂ ಒಂದು ತರಿಸಿಕೊಂಡೆ. ಪೂರ್ತಿ ತಿರುಗಿಸಿದರೆ ಆಕಾಶದಲ್ಲಿ ದೊಡ್ಡ ಕತ್ತರಿ ಗುರುತು ಮೂಡುತ್ತದೆ. ವೈಡ್ ಲೆನ್ಸಿಗೆ ಹಾಕಿದರೆ ಇನ್ನೂ ಬೇಗ. ಆ ಫಿಲ್ಟರ್ ಈಗ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮೇಲೆ ಮುಚ್ಚಳವಾಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ, ಆದರೆ ಅದಕ್ಕಿಂತ ಜಾಸ್ತಿ ಉಪಯೋಗವಂತೂ ಆಗಿಲ್ಲ.

ದುಡ್ಡು ಖರ್ಚಿಲ್ಲದ ದಾರಿ ಬೇಕಾ? ಬೇಗ ಏಳಿ. ಸೂರ್ಯ ಮೇಲೆ ಬರುವ ಮೊದಲಿನ ಅರ್ಧ ಗಂಟೆಯಲ್ಲಿ ಯಾವ ಫಿಲ್ಟರೂ ಬೇಡ.

ಮೊಬೈಲಿನಲ್ಲಿ ಆಗುತ್ತದೆಯೇ?

ಆಗುತ್ತದೆ, ಒಂದು ಅಡ್ಡಿ ತಿಳಿದಿದ್ದರೆ. ಮೊಬೈಲ್ ಲೆನ್ಸಿನ ತೂತನ್ನು ಕಿರಿದು ಮಾಡಲು ಸಾಮಾನ್ಯವಾಗಿ ಬರುವುದಿಲ್ಲ, ಅದು ಇದ್ದಷ್ಟೇ ಅಗಲ. ಹಾಗಾಗಿ ಹಗಲಲ್ಲಿ ಪ್ರೊ ಮೋಡ್‌ಗೆ ಹೋಗಿ 1/15 ಇಟ್ಟರೆ ಬೆಳ್ಳಗಾಗುವುದು ಖಂಡಿತ. ಮುಸ್ಸಂಜೆ, ಮಾರ್ಕೆಟ್ಟಿನ ಒಳಗಿನ ನೆರಳು, ರಾತ್ರಿಯ ಅಂಗಡಿ ಬೀದಿ, ಇವು ಮೊಬೈಲಿಗೆ ಹೇಳಿ ಮಾಡಿಸಿದ್ದು.

ಐಫೋನ್ ಇದ್ದರೆ ಲೈವ್ ಫೋಟೋ ತೆಗೆದು, ಆಮೇಲೆ ಅದನ್ನು ಲಾಂಗ್ ಎಕ್ಸ್‌ಪೋಶರ್ ಮಾಡಿಕೊಳ್ಳಬಹುದು. ಹಗಲಲ್ಲೂ ನಡೆಯುತ್ತದೆ, ಏಕೆಂದರೆ ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ. ಕೈ ಮಾತ್ರ ಗಟ್ಟಿ ಇರಬೇಕು. ಚಹಾ ಅಂಗಡಿಯ ಕಂಬಕ್ಕೆ ಮೊಬೈಲ್ ಒತ್ತಿ ಹಿಡಿಯಿರಿ. ಚಹಾ ಕುಡಿದ ಗಿರಾಕಿಗೆ ಕಂಬ ಪುಕ್ಕಟೆ.

ಮೊಬೈಲಿನಲ್ಲಿ ತೆಗೆದ ಬಸ್ ಒಂದು ಕಡೆ ವಾಲಿದ ಹಾಗೆ ಬಂದಿದೆ. ಮೊಬೈಲ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಮೊಬೈಲಿನ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಕ್ಯಾಮೆರಾದಲ್ಲಿ ಸೈಲೆಂಟ್ ಶಟರ್ ಹಾಕಿದರೂ ಇದೇ ಕಥೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಇದು ಹೊಸ ರೋಗವೂ ಅಲ್ಲ. ಫ್ರಾನ್ಸಿನ ಝಾಕ್ ಆನ್ರಿ ಲಾರ್ತೀಗ್ ಹುಡುಗನಾಗಿದ್ದಾಗ, ನೂರು ವರ್ಷಕ್ಕೂ ಹಿಂದೆ, ರೇಸ್ ಕಾರಿನ ಫೋಟೋ ತೆಗೆದ. ಪರದೆಯಂತೆ ಸರಿಯುವ ಶಟರ್‌ನಿಂದಾಗಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ವಾಲಿತು, ಕಾರಿನ ಜೊತೆ ಅವನು ಕ್ಯಾಮೆರಾ ತಿರುಗಿಸಿದ್ದರಿಂದ ರಸ್ತೆ ಪಕ್ಕ ನಿಂತ ಜನ ಹಿಂದಕ್ಕೆ ವಾಲಿದರು. ಇವತ್ತಿಗೂ ಓಟ ಅಂದರೆ ಆ ಫೋಟೋ ತೋರಿಸುತ್ತಾರೆ. ನಿಮ್ಮ ವಾಲಿದ ಬಸ್ಸನ್ನು ಅಳಿಸುವ ಮೊದಲು ಇನ್ನೊಮ್ಮೆ ನೋಡಿ.

ರಾತ್ರಿ ಅಂಗಡಿ ಮುಂದೆ ತೆಗೆದರೆ ಫೋಟೋದಲ್ಲಿ ಅಡ್ಡ ಪಟ್ಟೆ ಬರುತ್ತದೆ.

ನಮ್ಮ ಕರೆಂಟು 50 ಹರ್ಟ್ಜ್. ಅದರಿಂದ ಉರಿಯುವ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಮಿಣಕುತ್ತವೆ. ಶಟರ್ 1/100 ಅಥವಾ 1/50 ಇಟ್ಟರೆ ಪಟ್ಟೆ ಹೋಗುತ್ತದೆ, 1/25 ಆದರೆ ಇನ್ನೂ ಒಳ್ಳೆಯದು. ನಮಗೆ ಬೇಕಾದದ್ದೂ ನಿಧಾನದ ಶಟರೇ ಅಲ್ವಾ!

ಚಲನೆ ತೋರಿಸಲು ಯಾವಾಗಲೂ ಮಸುಕು ಬೇಕೇ? ಹಿಡಿದು ನಿಲ್ಲಿಸಿದರೆ ಆಗುವುದಿಲ್ಲವೇ?

ಆಗುತ್ತದೆ. ಆದರೆ ನಿಲ್ಲಿಸಿದ ಕ್ಷಣವೇ ಓಟ ಹೇಳಬೇಕು. ಟಾಂಗಾವನ್ನು 1/1000ರಲ್ಲಿ ತೆಗೆದರೆ ಚಕ್ರದ ಕಡ್ಡಿ ಒಂದೊಂದಾಗಿ ಎಣಿಸಬಹುದು. ಗಾಡಿ ಸ್ಟ್ಯಾಂಡಿನಲ್ಲಿ ನಿಂತ ಹಾಗೇ ಕಾಣುತ್ತದೆ. ಆಗ ಓಟವನ್ನು ಹೇಳಬೇಕಾದದ್ದು ಕುದುರೆಯ ಕಾಲು.

ಕುದುರೆ ಓಡುವಾಗ ನಾಲ್ಕೂ ಕಾಲು ನೆಲ ಬಿಡುತ್ತವೆಯೇ ಅಂತ ಜನ ಬಹಳ ಕಾಲ ವಾದ ಮಾಡಿದ್ದರು. ಕಣ್ಣಿಗೆ ಕಾಣುತ್ತಿರಲಿಲ್ಲ. 1878ರಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಅನ್ನುವ ಫೋಟೋಗ್ರಾಫರ್ ಅಮೆರಿಕದ ಪಾಲೋ ಆಲ್ಟೋದಲ್ಲಿ 12 ಕ್ಯಾಮೆರಾ ಸಾಲಾಗಿ ಇಟ್ಟು, ಕುದುರೆ ಓಡುವ ದಾರಿಗೆ ದಾರ ಕಟ್ಟಿ, ದಾರ ಹರಿದಂತೆ ಒಂದೊಂದೇ ಕ್ಯಾಮೆರಾ ಕ್ಲಿಕ್ ಆಗುವಂತೆ ಮಾಡಿದ. ನಾಲ್ಕೂ ಕಾಲು ನೆಲ ಬಿಡುತ್ತವೆ ಅಂತ ಗೊತ್ತಾಯಿತು. ಆದರೆ ಚಿತ್ರಗಾರರು ಬರೆಯುತ್ತಿದ್ದ ಹಾಗೆ ಮುಂದೆ ಹಿಂದೆ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ.

ನಮ್ಮ ಟಾಂಗಾ ಕುದುರೆ ನಾಗಾಲೋಟ ಓಡುವುದಿಲ್ಲ, ದುಡುಕಿ ಹಾಕುತ್ತದೆ. ಆ ನಡಿಗೆಯಲ್ಲಿ ಕಾಲುಗಳು ಕತ್ತರಿಯಂತೆ ಜೋಡಿಯಾಗಿ ಏಳುತ್ತವೆ: ಎಡ ಮುಂಗಾಲಿನ ಜೊತೆ ಬಲ ಹಿಂಗಾಲು, ಬಲ ಮುಂಗಾಲಿನ ಜೊತೆ ಎಡ ಹಿಂಗಾಲು. ಟಕ್ ಟಕ್ ಟಕ್ ಅಂತ ಲಾಳದ ಸದ್ದು ಕೇಳುತ್ತದಲ್ಲ, ಎರಡು ಟಕ್‌ಗಳ ನಡುವೆ ಒತ್ತಬೇಕು. ಕಣ್ಣಿಗಿಂತ ಕಿವಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮನುಷ್ಯರ ನಡಿಗೆಯಲ್ಲೂ ಒಂದು ಮಜಾ ಇದೆ. ಕ್ಯಾಮೆರಾ ಅಲುಗಿಸದೆ 1/8ರಲ್ಲಿ ನಡೆಯುವವರನ್ನು ತೆಗೆದು, ಮನೆಗೆ ಬಂದು ದೊಡ್ಡದು ಮಾಡಿ ನೋಡಿ. ದೇಹವೆಲ್ಲ ಹೊಗೆಯಂತೆ, ನೆಲಕ್ಕೆ ಊರಿದ ಒಂದು ಪಾದ ಮಾತ್ರ ಸ್ಪಷ್ಟ, ಚಪ್ಪಲಿಯ ಉಂಗುಷ್ಠ ಸಮೇತ. ಆ ಪಾದ ಆ ಕ್ಷಣಕ್ಕೆ ನಿಜವಾಗಿಯೂ ನಿಂತಿರುತ್ತದೆ. ಚಕ್ರವೂ ಹಾಗೇ. ನೆಲ ಮುಟ್ಟಿದ ಭಾಗ ಆ ಗಳಿಗೆ ನಿಂತಿರುತ್ತದೆ, ಮೇಲಿನ ಭಾಗ ಗಾಡಿಯ ಎರಡು ಪಟ್ಟು ವೇಗದಲ್ಲಿ ಹೋಗುತ್ತದೆ. ಅದಕ್ಕೇ ಫೋಟೋದಲ್ಲಿ ಕೆಳಗಿನ ಕಡ್ಡಿ ಕಾಣುತ್ತವೆ, ಮೇಲಿನವು ಕರಗಿಹೋಗುತ್ತವೆ. ನಂಬಿಕೆ ಬರದಿದ್ದರೆ ಸೈಕಲ್ ಒಂದರ ಮೇಲೆ ಪ್ರಯೋಗ ಮಾಡಿ.

ವಿಜಯಪುರದಲ್ಲಿ ಎಲ್ಲಿ, ಯಾವ ಹೊತ್ತಿಗೆ ಹೋಗಬೇಕು?

ಗಾಂಧಿ ಚೌಕ, ಸಂಜೆ. ಸುತ್ತುವ ಆಟೋ, ಬೈಕು, ನಡುವೆ ದಾಟಲು ಕಾಯುತ್ತಾ ನಿಂತ ಜನ. ಕಾಯುವವರೇ ನಿಮ್ಮ ಗಟ್ಟಿ ಕಂಬ. ದೀಪ ಹತ್ತಿದ ಮೇಲೆ ಒಂದು ಮೂಲೆಯಲ್ಲಿ ಗೋಡೆಗೆ ಒರಗಿ ಅರ್ಧ ಸೆಕೆಂಡಿನ ಫೋಟೋ ತೆಗೆದರೆ ಕೆಂಪು ಹಿಂದೀಪಗಳು ಗೆರೆಯಾಗುತ್ತವೆ.

ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಕೆಟ್, ಬೆಳಿಗ್ಗೆ. ಇಲ್ಲಿ ಗಾಡಿಗಿಂತ ಕೈ ನೋಡಿ. ಕೊತ್ತಂಬರಿಗೆ ನೀರು ಚಿಮುಕಿಸುವ ಕೈ, ಈರುಳ್ಳಿ ತೂಗುವ ಕೈ, ಚಿಲ್ಲರೆ ಎಣಿಸುವ ಕೈ. 1/15ರಲ್ಲಿ ಮುಖ ನಿಲ್ಲುತ್ತದೆ, ಕೈ ಹಾರುತ್ತದೆ. ನೀರಿನ ಹನಿ ನಿಲ್ಲಿಸಬೇಕಾದರೆ 1/1000, ದಾರದಂತೆ ಮಾಡಬೇಕಾದರೆ 1/60.

ಬೆಳಗಿನ ಜಾವ ಊರ ಹೊರಗಿನ ದೊಡ್ಡ ರಸ್ತೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಓಟಗಾರರಿಗೆ ಹೆಸರಾದವು. ತಲೆ ತಗ್ಗಿಸಿ ಸಾಲಾಗಿ ಹೋಗುವ ಹುಡುಗ ಹುಡುಗಿಯರಷ್ಟು ಒಳ್ಳೆಯ ಪ್ಯಾನಿಂಗ್ ಪಾಠ ಬೇರೆ ಇಲ್ಲ. ಟಾಂಗಾದ ಹಾಗೆ ಕುಲುಕುವುದಿಲ್ಲ, ಗೆರೆ ಎಳೆದ ಹಾಗೆ ಹೋಗುತ್ತಾರೆ. 1/30ರಲ್ಲೂ ಮುಖ ಗಟ್ಟಿ ಬರುತ್ತದೆ. ರಸ್ತೆ ಅಂಚಿನಿಂದ ಎರಡು ಮಾರು ಹಿಂದೆ ನಿಲ್ಲಿ. ಅವರಿಗೆ ಬ್ರೇಕ್ ಹಿಡಿಸುವ ಹಾಗೆ ಮಾಡಬೇಡಿ.

ಗೋಲಗುಮ್ಮಟ ಊರಿನ ಪೂರ್ವಕ್ಕಿದೆ. ಬೆಳಿಗ್ಗೆ ಪಶ್ಚಿಮದ ಕಡೆ ನಿಂತರೆ ಬೆಳಕು ಎದುರಿನಿಂದ ಬರುತ್ತದೆ, ಹೋಗುವವರು ಬರುವವರೆಲ್ಲ ಕಪ್ಪು ನೆರಳಾಗುತ್ತಾರೆ, ಎದ್ದ ಧೂಳು ಹೊಳೆಯುತ್ತದೆ. ಉಪ್ಪಲಿ ಬುರುಜು ಸುಮಾರು 80 ಅಡಿ ಎತ್ತರ. ಹೊರಗಿನಿಂದ ಸುತ್ತಿ ಹತ್ತುವ ಮೆಟ್ಟಿಲಿದೆ. ಕೆಳಗೆ ನಿಂತು, ಮೆಟ್ಟಿಲು ಹತ್ತುವವರನ್ನು ಅರ್ಧ ಸೆಕೆಂಡಿನಲ್ಲಿ ತೆಗೆದರೆ ಕಲ್ಲು ನಿಲ್ಲುತ್ತದೆ, ಮನುಷ್ಯರು ಉಸಿರಿನಂತೆ ಮೇಲೇರುತ್ತಾರೆ.

ಸಿದ್ಧೇಶ್ವರ ಜಾತ್ರೆಯಲ್ಲಿ ಏನು ತೆಗೆಯಲಿ? ಗದ್ದಲದಲ್ಲಿ ಏನೂ ತೋಚುವುದಿಲ್ಲ.

ಸಂಕ್ರಾಂತಿಯ ಜಾತ್ರೆಗೆ ಹೋದ ಎಲ್ಲರದೂ ಇದೇ ಪಾಡು. ಜನರ ಜೊತೆ ನೀವೂ ಓಡಬೇಡಿ. ಒಂದು ಕಟ್ಟೆ ಹಿಡಿದು ನಿಲ್ಲಿ. ನಂದಿಧ್ವಜ ನಿಮ್ಮ ಕಡೆಗೆ ಬರಲಿ. ಧ್ವಜ ಹೊತ್ತವರು ಬಿಗಿಯಾಗಿ, ನಿಧಾನಕ್ಕೆ ಹೆಜ್ಜೆ ಇಡುತ್ತಾರೆ. ಸುತ್ತಲಿನ ಜನ ನುಗ್ಗುತ್ತಾರೆ. ಧ್ವಜ ಹೊತ್ತವರು ಸ್ವಲ್ಪ ನಿಂತ ಗಳಿಗೆ ನೋಡಿ 1/4 ಇಡಿ. ನಿಂತವರು ಉಳಿಯುತ್ತಾರೆ, ನುಗ್ಗುವವರು ನೀರಾಗುತ್ತಾರೆ.

ಹೆಸರಾದ ಫೋಟೋಗ್ರಾಫರ್ ರಘು ರಾಯ್ ಅವರು 1995ರಲ್ಲಿ ಮುಂಬೈನ ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ತೆಗೆದ ಫೋಟೋ ಹುಡುಕಿ ನೋಡಿ. ರೈಲು ಇಳಿದ ಜನ ಹೊಳೆಯಂತೆ ಹರಿಯುತ್ತಿದ್ದಾರೆ, ಪೇಪರ್ ಓದುತ್ತಾ ಇರುವಲ್ಲೇ ಇದ್ದವರು ಮಾತ್ರ ಗಟ್ಟಿ. ಜಾತ್ರೆಯಲ್ಲೂ ಪೇಪರ್ ಓದುವಂಥ ಒಬ್ಬರು ಇದ್ದೇ ಇರುತ್ತಾರೆ: ಬಲೂನ್ ಮಾರುವವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಮಿರ್ಚಿ ಬಜ್ಜಿಯ ಬಾಣಲೆ ಮುಂದೆ ಕೂತವರು. ಅವರನ್ನು ಮೊದಲು ಹುಡುಕಿ.

ಶಟರ್ ತೀರಾ ಜಾಸ್ತಿ ಹೊತ್ತು ಬಿಟ್ಟರೆ ಜನ ಇಲ್ಲವೇ ಇಲ್ಲದಂತಾಗುತ್ತಾರೆ, ಅದನ್ನೂ ನೆನಪಿಡಿ. 1838ರಲ್ಲಿ, ಫೋಟೋ ತೆಗೆಯುವುದನ್ನು ಕಂಡುಹಿಡಿದವರಲ್ಲಿ ಒಬ್ಬನಾದ ದಾಗೆರ್ ಪ್ಯಾರಿಸ್ಸಿನ ದೊಡ್ಡ ಬೀದಿಯೊಂದರ ಫೋಟೋ ತೆಗೆದಾಗ ಗಾಡಿ, ಜನ ಎಲ್ಲ ಅಳಿಸಿಹೋಗಿ ಬೀದಿ ಖಾಲಿ ಕಂಡಿತು. ಅವತ್ತಿನ ಎಕ್ಸ್‌ಪೋಶರ್ ನಿಮಿಷಗಟ್ಟಲೆ. ಉಳಿದವನು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ಕಾಲು ಚಾಚಿ ನಿಂತ ಒಬ್ಬ. ಫೋಟೋದಲ್ಲಿ ಸಿಕ್ಕಿಬಿದ್ದ ಮೊದಲ ಮನುಷ್ಯ ಅಂತ ಅವನನ್ನೇ ತೋರಿಸುತ್ತಾರೆ.

ಫ್ಲ್ಯಾಶ್ ಬಳಸಬಹುದೇ?

ಮೆರವಣಿಗೆಯ ಕುಣಿತಕ್ಕೆ ಚೆನ್ನಾಗಿರುತ್ತದೆ. 1/8 ಶಟರ್, ಜೊತೆಗೆ ರಿಯರ್ ಕರ್ಟನ್ ಫ್ಲ್ಯಾಶ್. ಮೊದಲು ಬಣ್ಣ ಹರಿಯುತ್ತದೆ, ಕೊನೆಗೆ ಫ್ಲ್ಯಾಶ್ ಹೊಡೆದು ಮುಖ ನಿಲ್ಲುತ್ತದೆ. ಮಾಮೂಲಿ ಫ್ಲ್ಯಾಶ್ ಮೊದಲೇ ಹೊಡೆಯುವುದರಿಂದ ಗೆರೆಗಳು ಮುಖದ ಮುಂದಕ್ಕೆ ಬಂದು, ಮನುಷ್ಯ ಹಿಂದಕ್ಕೆ ಓಡಿದ ಹಾಗೆ ಕಾಣುತ್ತದೆ.

ಕುದುರೆ, ಎತ್ತು ಇದ್ದ ಕಡೆ ಬೇಡವೇ ಬೇಡ. ಒಮ್ಮೆ ಫ್ಲ್ಯಾಶ್ ಹೊರಗೆ ತೆಗೆದಾಗಲೇ ಟಾಂಗಾದ ಕಾಕಾ ಒಬ್ಬರು ಹೇಳಿದ್ದರು: "ಅದನ್ನ ಒಳಗಿಡ್ರಿ ತಮ್ಮಾ. ಕುದರಿ ಅಂಜಿ ಓಡಿತಂದ್ರ ನೀವು ಹಿಡೀತೀರೇನು?"

ಜನ ಬೇಡ ಅಂದರೆ?

ಬೇಡ ಅಂದರೆ ಬೇಡ. ಸಾರ್ವಜನಿಕ ಬೀದಿಯಲ್ಲಿ ಫೋಟೋ ತೆಗೆಯಬಹುದು ಅಂತ ವಾದಕ್ಕೆ ನಿಲ್ಲಬೇಡಿ, ಗೆದ್ದರೂ ಫೋಟೋ ಸತ್ತಿರುತ್ತದೆ. ಅಕ್ಕಾ, ಕಾಕಾ ಅಂತ ಮಾತಾಡಿಸಿ, ಸ್ಕ್ರೀನ್ ತೋರಿಸಿ, ಅವರೆದುರೇ ಅಳಿಸಿ. ಮಕ್ಕಳದ್ದಾದರೆ ದೊಡ್ಡವರನ್ನು ಕೇಳಿ. ನಿಧಾನದ ಶಟರ್‌ನಲ್ಲಿ ಒಂದು ಅನುಕೂಲ ಇದೆ, ಓಡುವವರ ಗುರುತೇ ಸಿಗುವುದಿಲ್ಲ. "ನನ್ನ ಮಾರಿ ಬಂದದೇನ್ರೀ?" ಅಂತ ಕೇಳಿದ ಅಕ್ಕನಿಗೆ ತೋರಿಸಿದೆ. ಬರೀ ಹಸಿರು ಇಳಕಲ್ ಸೀರೆಯ ಬಣ್ಣ, ಕೆಂಪು ಸೆರಗಿನ ಗೆರೆ. "ಇದೇನ್ ಫೋಟೋ, ಸೀರಿ ಒಣಾ ಹಾಕಿದಂಗ ಐತಿ" ಅಂತ ನಕ್ಕು ಹೋದರು. ಅದು ನನ್ನ ಮೆಚ್ಚಿನ ಫೋಟೋ, ಅವರ ಮಾತಿನ ಸಮೇತ.

ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬಹುದೇ?

ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಕೈಯಲ್ಲಿ ಹಿಡಿದ ಕ್ಯಾಮೆರಾ ಸಾಕು ಬಿಡಿ. ಕಲ್ಲಿನ ಕಟ್ಟೆಯ ಮೇಲೆ ಟವೆಲ್ ಮಡಚಿ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ.

ಕಂಪ್ಯೂಟರಿನಲ್ಲಿ ಆಮೇಲೆ ಮಸುಕು ಹಾಕಿದರೆ ಆಗದೇ?

ಹಾಕಬಹುದು. ಆದರೆ ಸಾಫ್ಟ್‌ವೇರ್ ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಸಮ ಎಳೆಯುತ್ತದೆ. ಹತ್ತಿರದ್ದು ಜಾಸ್ತಿ, ದೂರದ್ದು ಕಡಿಮೆ, ಕುದುರೆಯ ಕಾಲು ಒಂದು ಥರ, ಕಿವಿ ಇನ್ನೊಂದು ಥರ, ಇದೆಲ್ಲ ಅದಕ್ಕೆ ತೋಚುವುದಿಲ್ಲ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿ ಇಲ್ಲ ಅನಿಸುತ್ತದೆ.

ನಮ್ಮ ಧೂಳಿಗೆ ಕ್ಯಾಮೆರಾ ಹಾಳಾಗುವುದಿಲ್ಲವೇ?

ಬೀದಿಯಲ್ಲಿ ಲೆನ್ಸ್ ಬದಲಿಸಬೇಡಿ. ಎಫ್/16, ಎಫ್/22ರಲ್ಲಿ ಸೆನ್ಸರ್ ಮೇಲಿನ ಪ್ರತಿ ಕಣವೂ ಚುಕ್ಕೆಯಾಗಿ ಕಾಣುತ್ತದೆ, ನಿಧಾನದ ಶಟರ್‌ಗೆ ನಾವು ಬಳಸುವುದೇ ಅವು. ಒಂದು ಬ್ಲೋವರ್ ಇಟ್ಟುಕೊಳ್ಳಿ. ಬಾಯಿಂದ ಊದಬೇಡಿ.

ತೆಗೆದ ಫೋಟೋ ಏನು ಮಾಡಲಿ? ಫೋನಿನಲ್ಲೇ ಕೊಳೆಯುತ್ತಿವೆ.

ಪ್ರಿಂಟ್ ಹಾಕಿಸಿ, ಫೋಟೋದಲ್ಲಿ ಇದ್ದವರಿಗೆ ಕೊಡಿ. ಫ್ಲ್ಯಾಶ್ ಬೇಡ ಅಂದಿದ್ದ ಕಾಕಾ ಅವರಿಗೆ ನಾನು ಒಂದು ಪ್ರಿಂಟ್ ಒಯ್ದು ಕೊಟ್ಟೆ. 1/30ರದ್ದು. ಮುಖ ಗಟ್ಟಿ, ಹಿಂದಿನ ಅಂಗಡಿಗಳೆಲ್ಲ ಬಣ್ಣದ ಗೆರೆ, ಚಕ್ರ ಬರೀ ಹೊಗೆ. ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು. "ಕುದರಿ ಚಲೋ ಬಂದೈತಿ. ಗಾಲಿ ಎಲ್ಲಿ ಹೋತು?" ಅಂದರು. ಓಡುತ್ತಿತ್ತಲ್ಲ ಕಾಕಾ, ಅಂದೆ. ಇನ್ನೊಮ್ಮೆ ನೋಡಿದರು. ಪ್ರಿಂಟನ್ನು ಸೀಟಿನ ಕೆಳಗಿದ್ದ ಮೇವಿನ ಚೀಲದ ಹಿಂದೆ, ಮಡಿಕೆ ಬೀಳದ ಹಾಗೆ ನಿಲ್ಲಿಸಿಟ್ಟು, ಸ್ಟೇಷನ್ ಕಡೆಯ ಗಿರಾಕಿಯನ್ನು ಹತ್ತಿಸಿಕೊಂಡು ಹೊರಟರು.